ಸಾಯಿಲ್ ಟೆಸ್ಟಿನ ತಗ್ಗಿನಲ್ಲಿ ಮಣ್ಣಿನ ಪೈಪು ಕಂಡಿತು, ಏನು ಮಾಡಲಿ?

ನಾನು ವಿಜಯಪುರದವಳು. ಧಾರವಾಡದಲ್ಲಿ ಪುರಾತತ್ವ ಓದಿದೆ. ಆಮೇಲಿನ ಇಪ್ಪತ್ತಮೂರು ವರ್ಷ ಹೆಚ್ಚಾಗಿ ತಗ್ಗುಗಳ ಅಂಚಿನಲ್ಲೇ ಕಳೆದಿದ್ದೇನೆ. ಅವುಗಳಲ್ಲಿ ಉತ್ಖನನದ ತಗ್ಗುಗಳು ಕೆಲವೇ. ಉಳಿದವೆಲ್ಲ ಮನೆ, ಅಂಗಡಿ, ಅಪಾರ್ಟ್‌ಮೆಂಟ್ ಕಟ್ಟುವವರು ಮಣ್ಣಿನ ಪರೀಕ್ಷೆಗೆಂದು ತೋಡಿಸುವ ತಗ್ಗುಗಳು. ಅಲ್ಲಿ ನಿಂತು ಹಳೇ ಕಾಲದ ಗುರುತು ಕಂಡರೆ ಬರೆದಿಡುವುದು ನನ್ನ ಕೆಲಸ. ಹೋದ ಸಂಚಿಕೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಅದರದ್ದೇ. ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾವ್ರೇ, ಕೋಟೆ ಗೋಡೆಯ ಒಳಗೆ ನಮ್ಮದೊಂದು ಹಳೇ ಮನೆ ಇತ್ತು. ಅಣ್ಣ ತಮ್ಮ ಕೂಡಿ ಅದನ್ನು ಕೆಡವಿದ್ದೇವೆ. ಮೂರಂತಸ್ತು ಕಟ್ಟಬೇಕೆಂದಿದ್ದೇವೆ. ಸಾಯಿಲ್ ಟೆಸ್ಟಿಗೆ ನಾಲ್ಕು ತಗ್ಗು ತೋಡಿಸಿದೆವು. ಮೂರನೆಯದರಲ್ಲಿ ಆರಡಿ ಕೆಳಗೆ ಕೆಂಪು ಮಣ್ಣಿನ ಪೈಪು ಕಂಡಿತು. ಸುತ್ತ ಸುಣ್ಣದ ಗಾರೆ ಇದೆ. "ಒಡದು ಮುಚ್ಚಿಬಿಡ್ರಿ, ಇಲ್ಲಾಂದ್ರ ಸರ್ಕಾರದವ್ರು ಜಾಗಾ ಕಸಗೋತಾರ" ಅಂತ ಗುತ್ತಿಗೆದಾರರು ಹೆದರಿಸುತ್ತಿದ್ದಾರೆ. ಒಡೆಯಬೇಡಿ ಅಂತ ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ಏನು ಮಾಡಲಿ?
— ಓದುಗರೊಬ್ಬರು, ಶಹಾಪೇಟೆ, ವಿಜಯಪುರ

ಉತ್ತರ: ನಿಮ್ಮ ಮನೆಯವರ ಮಾತು ಕೇಳಿ. ಇವತ್ತು ಆ ತಗ್ಗಿಗೆ ಯಾರೂ ಕೈ ಹಚ್ಚುವುದು ಬೇಡ. ಮೇಲೆ ತಾಡಪತ್ರಿ ಹಾಕಿ, ಅಂಚಿಗೆ ಕಲ್ಲಿಡಿ. ಮಕ್ಕಳು ಬೀಳದ ಹಾಗೆ ಸುತ್ತ ಹಗ್ಗ ಕಟ್ಟಿಸಿ. ಉಳಿದ ಮೂರು ತಗ್ಗುಗಳನ್ನೂ ಸದ್ಯಕ್ಕೆ ಮುಚ್ಚಬೇಡಿ.

ನೀವು ನೋಡಿದ್ದು ಏನಿರಬಹುದು ಅಂತ ಮೊದಲು ಹೇಳುತ್ತೇನೆ. ಆದಿಲಶಾಹಿಗಳ ಕಾಲದಲ್ಲಿ ಈ ಊರಿಗೆ ನೀರು ಹೊರಗಿನಿಂದ ಬರುತ್ತಿತ್ತು. ತೊರವಿ ಕಡೆಯಿಂದ ಬರುತ್ತಿತ್ತು. 1651ರಲ್ಲಿ ಕಟ್ಟಿಸಿದ ಬೇಗಂ ತಲಾಬು ಅನ್ನುವ ಕೆರೆಯಿಂದಲೂ ಬರುತ್ತಿತ್ತು. ಬೇಗಂ ತಲಾಬಿನ ನೀರು ಸುಟ್ಟ ಮಣ್ಣಿನ ಪೈಪುಗಳಲ್ಲಿ ನೆಲದೊಳಗೇ ಹರಿಯುತ್ತಿತ್ತು. ಒಂದು ಪೈಪಿನ ಬಾಯಿಗೆ ಇನ್ನೊಂದರ ತುದಿ ಸೇರಿಸಿ, ಸುತ್ತ ಕಲ್ಲು ಗಾರೆಯ ಕವಚ ಕಟ್ಟುತ್ತಿದ್ದರು. ದೊಡ್ಡ ಸಾಲುಗಳು 15 ಅಡಿಯಿಂದ 50 ಅಡಿಯವರೆಗೂ ಆಳದಲ್ಲಿವೆ. ನೀರಿನ ಒತ್ತಡಕ್ಕೆ ಪೈಪು ಸೀಳಬಾರದೆಂದು ದಾರಿಯುದ್ದಕ್ಕೂ ಗಂಜ್ ಕಟ್ಟಿದರು. ನೀವು ಊರಲ್ಲಿ ಓಡಾಡುವಾಗ ಅಲ್ಲಲ್ಲಿ ಕಾಣುವ ಚೌಕಾಕಾರದ ಎತ್ತರದ ಕಲ್ಲು ಗೋಪುರಗಳು ಅವೇ. ನೀರು ಅವುಗಳಲ್ಲಿ ಮೇಲೇರುವಾಗ ಒತ್ತಡ ಕಡಿಮೆಯಾಗುತ್ತಿತ್ತು. ಕೆಸರು ತಳದಲ್ಲಿ ಕೂರುತ್ತಿತ್ತು. ತಿಳಿನೀರು ಮುಂದೆ ಹೋಗುತ್ತಿತ್ತು. ನಿಮ್ಮದು ಆರಡಿಯಲ್ಲಿದೆ ಅಂದರೆ ದೊಡ್ಡ ಸಾಲಲ್ಲ. ಒಂದು ಮನೆಗೋ, ಹಮಾಮಿಗೋ, ಕಾರಂಜಿಗೋ ಹೋದ ಕವಲು ಇರಬಹುದು.

ಅಂದಮೇಲೆ ಅದಕ್ಕೆ ಬೆಲೆ ಕಮ್ಮಿ ಅಂತ ಅಂದುಕೊಳ್ಳಬೇಡಿ. ದೊಡ್ಡ ಸಾಲುಗಳ ಬಗ್ಗೆ ಬರೆದವರಿದ್ದಾರೆ. ಯಾವ ಓಣಿಯ ಮನೆಗೆ ನೀರು ಹೇಗೆ ಮುಟ್ಟುತ್ತಿತ್ತು ಅನ್ನುವುದು ನಿಮ್ಮಂಥವರ ತಗ್ಗಿನಲ್ಲಿ ಕಂಡರೆ ಕಂಡಿತು. ಇಲ್ಲದಿದ್ದರೆ ಇಲ್ಲ.

ನೀವೇ ಮಾಡಬಹುದಾದ ಕೆಲಸ ಒಂದಿಷ್ಟಿದೆ. ಪಕ್ಕದ ಮನೆಯ ಎರಡು ಮೂಲೆಗಳಿಂದ ಪೈಪಿಗೆ ಎಷ್ಟು ದೂರ ಅಂತ ಟೇಪು ಹಿಡಿದು ಅಳೆದು ಬರೆದಿಡಿ. ಎಷ್ಟು ಆಳ ಅನ್ನುವುದನ್ನು ನೆಲದಿಂದ ಅಳೆಯಬೇಡಿ. ನೆಲ ನಾಳೆ ಬದಲಾಗುತ್ತದೆ. ಪಕ್ಕದ ಮನೆಯ ಕಟ್ಟೆಯ ಮಟ್ಟದಿಂದ ಅಳೆಯಿರಿ. ಮೊಬೈಲಿನ ದಿಕ್ಸೂಚಿಯಲ್ಲಿ ಪೈಪು ಯಾವ ಕಡೆಯಿಂದ ಯಾವ ಕಡೆಗೆ ಹೊರಟಿದೆ ನೋಡಿ. ಒಂದು ತುಂಡಿನ ಸಣ್ಣ ತುದಿ ಇನ್ನೊಂದರ ಅಗಲ ಬಾಯಿಯೊಳಗೆ ಹೊಕ್ಕಿರುತ್ತದೆ. ಆ ಸಣ್ಣ ತುದಿ ಸಾಮಾನ್ಯವಾಗಿ ನೀರು ಹರಿಯುವ ದಿಕ್ಕನ್ನು ತೋರಿಸುತ್ತದೆ. ಒಡೆದ ಜಾಗದಲ್ಲಿ ಒಳಗೆ ಬಿಳಿ ಹೊಪ್ಪಳಿಕೆ ಕಟ್ಟಿದೆಯಾ? ಅದು ಗಡಸು ನೀರಿನ ಸುಣ್ಣ. ದಪ್ಪ ಇದ್ದಷ್ಟೂ ಹೆಚ್ಚು ಕಾಲ ನೀರು ಹರಿದಿದೆ ಅಂತ ತಿಳಿಯಬಹುದು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಇದೆಲ್ಲ ಮೇಲೆ ನಿಂತೇ ಮಾಡಿ. ಆಸರೆ ಕಟ್ಟದ ತಗ್ಗು ಒಂದೂವರೆ ಮೀಟರು ದಾಟಿದರೆ ಒಳಗೆ ಇಳಿಯಬಾರದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ಭಾರ. ಮೈಮೇಲೆ ಕುಸಿದರೆ ಎದೆ ಎತ್ತಿ ಉಸಿರಾಡಲೂ ಆಗುವುದಿಲ್ಲ.

ಇನ್ನು ಜಾಗದ ಭಯ. ಪೈಪು ಸಿಕ್ಕಿತೆಂದು ಯಾರೂ ಬಂದು ನಿಮ್ಮ ಮನೆಜಾಗ ಬರೆಸಿಕೊಳ್ಳುವುದಿಲ್ಲ. ಕೇಂದ್ರ ಸರ್ಕಾರ ಒಂದು ಜಾಗವನ್ನು ರಕ್ಷಿತ ಅಂತ ಘೋಷಿಸಬೇಕೆಂದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ ಪ್ರಕಾರ ಎರಡು ತಿಂಗಳ ಮುಂಚೆ ನೋಟಿಸು ಕೊಡಬೇಕು. ಆ ಅವಧಿಯಲ್ಲಿ ನಿಮ್ಮ ತಕರಾರು ಕೇಳಬೇಕು. ನೀವು ನಿಜವಾಗಿ ನೋಡಬೇಕಾದ್ದು ಬೇರೆ. ನಿಮ್ಮ ಜಾಗ ಯಾವುದಾದರೂ ರಕ್ಷಿತ ಸ್ಮಾರಕದಿಂದ ಎಷ್ಟು ದೂರದಲ್ಲಿದೆ? 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ. ಅಲ್ಲಿಂದ ಮುಂದಿನ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ವಿಜಯಪುರದ ಗೋಡೆಯೊಳಗೆ ಮಸೀದಿ, ಗೋರಿ, ಬಾವಡಿ, ಬುರುಜು ಅಂತ ಎಷ್ಟೊಂದಿವೆ! ಇದನ್ನು ವಿಚಾರಿಸದೆ ಅಡಿಪಾಯಕ್ಕೆ ದುಡ್ಡು ಹಾಕಿ ಆಮೇಲೆ ಅಳುವವರನ್ನು ನೋಡಿದ್ದೇನೆ.

ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆದು ಫೋಟೋ ಲಗತ್ತಿಸಿ. ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಎಂಜಿನಿಯರಿಗೂ ಈಗಲೇ ತೋರಿಸಿ. ಸಾಯಿಲ್ ಟೆಸ್ಟ್ ಮಾಡಿಸುವುದೇ ನಕ್ಷೆ ಗಟ್ಟಿಯಾಗುವ ಮುಂಚೆ ಕೆಳಗೆ ಏನಿದೆ ಅಂತ ತಿಳಿಯಲು, ಅಲ್ವಾ? ಈಗ ಒಂದು ಕಾಲಂ ಎರಡಡಿ ಆಚೆ ಸರಿಸುವುದು ಕಾಗದದ ಮೇಲಿನ ಕೆಲಸ. ಕಬ್ಬಿಣ ಕಟ್ಟಿದ ಮೇಲೆ ಅದೇ ಮಾತು ಲಕ್ಷದ ಲೆಕ್ಕ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಒಂದು ಸೈಟಿನಲ್ಲಿ ಆರು ತಗ್ಗು ತೋಡಲು ನನಗೆ ಎರಡು ದಿನ ಸಾಕು. ಪುರಾತತ್ವದವರು ಬಂದು ನಿಂತರೆ ನಾಲ್ಕು ದಿನ. ಅವರು ಸುಮ್ನೆ ನಿಂತಿರುತ್ತಾರೆ, ನಡುನಡುವೆ ಜೆಸಿಬಿ ನಿಲ್ಲಿಸುತ್ತಾರೆ. ಅಷ್ಟಕ್ಕೂ ಅವರು ಮಾಡುವುದೇನು? ಸಿಕ್ಕಿದ ಸಾಮಾನು ಆರಿಸಿ ಕೊಟ್ಟರೆ ಸಾಲದೇ?
— ಬಾಗಲಕೋಟೆ

ಉತ್ತರ: ಸಾಲದು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ.

ತಗ್ಗಿನಿಂದ ಹೊರಗೆ ಬಿದ್ದ ಮಣ್ಣಿನ ಗುಡ್ಡೆಯಲ್ಲಿ ಒಂದು ಬಳೆಚೂರು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಗಾಜಿನ ಬಳೆಚೂರು. ಅಷ್ಟೇ. ಅದೇ ಚೂರು ತಗ್ಗಿನ ಗೋಡೆಯಲ್ಲಿ, ಸುಟ್ಟ ಬೂದಿಯ ಪದರದ ಕೆಳಗೆ, ಗಾರೆಯ ನೆಲದ ಮೇಲೆ ಕಂಡರೆ? ಮೊದಲು ಒಂದು ನೆಲ ಇತ್ತು. ಅದರ ಮೇಲೆ ಯಾರೋ ಬಳೆ ತೊಟ್ಟು ಓಡಾಡಿದರು. ಆಮೇಲೆ ಬೆಂಕಿ ಬಿತ್ತು. ಇಷ್ಟು ಮಾತನ್ನು ಆ ಚೂರು ಹೇಳುತ್ತದೆ. ಅದಕ್ಕೇ ನಾವು ಗುಡ್ಡೆಗಿಂತ ಗೋಡೆಯನ್ನೇ ಜಾಸ್ತಿ ನೋಡುವುದು. ಬಕೆಟ್ ಒಮ್ಮೆ ಎತ್ತಿ ಸುರಿದರೆ ಆ ಕ್ರಮ ಹೋಯಿತು. ಯಾವ ಮ್ಯೂಸಿಯಮ್ಮಿನವರೂ ಅದನ್ನು ಮರಳಿ ಜೋಡಿಸಲಾರರು.

ನಿಂತವರು ಮಾಡುವ ಕೆಲಸ ಇದು. ಜೆಸಿಬಿಗೆ ಹಲ್ಲಿಲ್ಲದ ಅಗಲ ಬಕೆಟ್ ಹಾಕಿಸುತ್ತೇವೆ. ಹಲ್ಲಿನ ಬಕೆಟ್ ಮಣ್ಣನ್ನು ಕಿತ್ತು ಕಲಸಿಬಿಡುತ್ತದೆ. ನಯವಾದ ಅಂಚಿನದು ಕೆನೆ ತೆಗೆದ ಹಾಗೆ ತೆಗೆಯುತ್ತದೆ. ಒಮ್ಮೆಗೆ ನಾಲ್ಕು ಬೆರಳು, ಹೆಚ್ಚೆಂದರೆ ಗೇಣು. ಮೇಲಿನ ಸಿಮೆಂಟು, ಪ್ಲಾಸ್ಟಿಕ್ಕು, ಹೆಂಚಿನ ಚೂರಿನ ಮಣ್ಣು ಬೇಗ ಹೋಗಲಿ, ನಮ್ಮ ತಕರಾರಿಲ್ಲ. ಬಣ್ಣ ಬದಲಾದ ಕೂಡಲೇ ಕೈ ಎತ್ತುತ್ತೇವೆ. ಒಂದು ಗೋಡೆಯನ್ನು ಕರಣಿಯಿಂದ ಕೆರೆದು ನುಣುಪು ಮಾಡುತ್ತೇವೆ. ಪದರಗಳ ಅಂಚು ಕರಣಿಯ ತುದಿಯಲ್ಲಿ ಗೀರಿ, ಅಳತೆ ಹಿಡಿದು ಚಿತ್ರ ಬರೆಯುತ್ತೇವೆ. ಪ್ರತಿ ಪದರಕ್ಕೂ ಒಂದು ನಂಬರು. ಆ ಪದರದಲ್ಲಿ ಸಿಕ್ಕಿದ್ದು ಆ ನಂಬರಿನ ಚೀಲಕ್ಕೆ. ಏನೂ ಸಿಗದ ತಗ್ಗಿಗೂ ಒಂದು ಹಾಳೆ ಬರೆಯುತ್ತೇವೆ. ಇಲ್ಲಿ ಎರಡಡಿಗೇ ಗರಸು (ತಳದ ಗಟ್ಟಿ ಕಲ್ಲುಮಣ್ಣು) ಬಂತು, ಮನುಷ್ಯರ ಗುರುತಿಲ್ಲ ಅನ್ನುವುದೂ ಊರಿನ ಅಂಚು ಎಲ್ಲಿತ್ತು ಅಂತ ಹೇಳುತ್ತದೆ.

ಈಗ ನಿಮ್ಮ ಲಾಭದ ಮಾತು. ನಿಮ್ಮ ವರದಿಯಲ್ಲಿ "ತುಂಬಿದ ಮಣ್ಣು, ಎಂಟಡಿ" ಅಂತ ಒಂದೇ ಸಾಲು ಇರುತ್ತದೆ. ಯಾಕೆ ತುಂಬಿದೆ, ಎಲ್ಲಿಯವರೆಗೆ ತುಂಬಿದೆ ಅನ್ನುವುದನ್ನು ನಾವು ಹೇಳಬಲ್ಲೆವು. ನಮ್ಮ ಕಡೆಯ ಹಳೇ ಊರುಗಳಲ್ಲಿ ಹಗೇವು ಎಷ್ಟಿವೆ ಅಂತ ನಿಮಗೆ ಗೊತ್ತೇ ಇದೆ. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿಗಳು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಳಕೆ ನಿಂತ ಮೇಲೆ ಕಸ, ಬೂದಿ, ಕಲ್ಲು ಹಾಕಿ ಮುಚ್ಚಿರುತ್ತಾರೆ. ತಗ್ಗಿನ ಗೋಡೆಯಲ್ಲಿ ಅದು ಕೊಡದ ಆಕಾರದ ಮಸುಕು ಕಲೆಯಾಗಿ ಕಾಣುತ್ತದೆ. ಒಮ್ಮೆ ಒಂದು ಸೈಟಿನಲ್ಲಿ ಒಂದು ತಗ್ಗಿನ ಮೂಲೆಯಲ್ಲಿ ಅಂಥ ಕಲೆಯ ಅಂಚು ಮಾತ್ರ ಕಂಡಿತು. ಅದರ ಬಾಗು ನೋಡಿ, ಹೊಟ್ಟೆ ಪೂರ್ವಕ್ಕೆ ಚಾಚಿದೆ, ನಿಮ್ಮ ಮೂಲೆಯ ಕಾಲಂ ಅದರ ಮೇಲೇ ಬರುತ್ತದೆ ಅಂತ ಎಂಜಿನಿಯರಿಗೆ ಹೇಳಿದೆ. ಅವರು ಇನ್ನೊಂದು ತಗ್ಗು ತೋಡಿಸಿದರು. ಒಂಬತ್ತಡಿಯವರೆಗೆ ಸಡಿಲ ಬೂದಿ. ಕಾಲಂ ಅಲ್ಲೇ ಕೂತಿದ್ದರೆ ಎರಡು ಮಳೆಗಾಲದಲ್ಲಿ ಆ ಮೂಲೆ ಇಳಿಯುತ್ತಿತ್ತು. ಆ ಎಂಜಿನಿಯರು ಈಗ ಕೆಲಸ ಶುರುವಾಗುವ ಮುಂಚೆ ತಾವೇ ಫೋನು ಮಾಡುತ್ತಾರೆ.

ಸುಮ್ನೆ ನಿಂತಿರುತ್ತಾರೆ ಅಂದಿರಿ. ನಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಹನ್ನೊಂದು ವರ್ಷದ ಹಿಂದಿನ ಮಾತು. ಊರೊಳಗಿನ ಒಂದು ವ್ಯಾಪಾರ ಸಂಕೀರ್ಣದ ಜಾಗ. ಐದು ತಗ್ಗು. ಮೂರು ಮುಗಿದಿದ್ದವು. ಮಧ್ಯಾಹ್ನ ಒಂದು ಗಂಟೆಗೆ ಕೆಲಸ ನಿಂತಿತು. ಎರಡಕ್ಕೆ ಮತ್ತೆ ಶುರು ಅಂದರು. ನಾನು ಮನೆಗೆ ಹೋಗಿ ಊಟ ಮಾಡಿ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ವಾಪಸು ಬಂದೆ. ನಾಲ್ಕನೆಯ ತಗ್ಗು ತೋಡಿ ಆಗಿತ್ತು. ಗಾಡಿ ಬಾಡಿಗೆ ಉಳಿಸಲು ಮಾಲೀಕರ ಕಡೆಯವರು ಹೇಳಿದರಂತೆ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೆಂಪು ಪೈಪಿನ ಚೂರು, ಗಾರೆಯ ಹೆಂಟೆ, ನೀಲಿ ಬಣ್ಣದ ಗಾಜುಲೇಪದ ಹೆಂಚಿನ ಎರಡು ತುಂಡು. ಆ ಹೆಂಚು ಗೋಡೆಯಲ್ಲಿತ್ತಾ, ನೆಲದಲ್ಲಿತ್ತಾ, ಪೈಪು ಅದಕ್ಕಿಂತ ಹಳೆಯದಾ ಹೊಸದಾ? ಕೇಳಲು ಏನೂ ಉಳಿದಿರಲಿಲ್ಲ. ಟ್ರಾಲಿಯ ಪಕ್ಕದಲ್ಲೇ ಕೂತು ಚೂರು ಆರಿಸಿದೆ. ಕಣ್ಣೀರು ಬಂತು. ಆಮೇಲಿನಿಂದ ಬುತ್ತಿ ಕಟ್ಟಿಕೊಂಡು ಹೋಗಿ ತಗ್ಗಿನ ಅಂಚಿನಲ್ಲೇ ಉಣ್ಣುತ್ತೇನೆ.

ನಾಲ್ಕು ದಿನ ಬೇಕಿಲ್ಲ ಸರ್. ಮುಂಚೆಯೇ ಹೇಳಿ, ನಿಮ್ಮ ತಗ್ಗುಗಳ ಜಾಗವನ್ನು ಕೂಡಿಯೇ ಗುರುತು ಹಾಕೋಣ. ಒಂದನ್ನು ನೀವು ಮಣ್ಣಿನ ಮಾದರಿ ತೆಗೆಯುವಾಗ ಇನ್ನೊಂದನ್ನು ನಾನು ಬರೆದುಕೊಳ್ಳುತ್ತೇನೆ. ಎರಡು ದಿನದ ಕೆಲಸ ಎರಡೂವರೆ ದಿನಕ್ಕೆ ಮುಗಿಯುತ್ತದೆ.

ಪ್ರಶ್ನೆ: ಮೇಡಂ, ನಾನು ಬಿಎ ಇತಿಹಾಸ ಓದುತ್ತಿದ್ದೇನೆ. ನಮ್ಮ ಓಣಿಯಲ್ಲಿ ತೋಡಿದ ತಗ್ಗಿನಲ್ಲಿ ಇಣುಕಿದೆ. ನನಗೆ ಎಲ್ಲ ಒಂದೇ ಮಣ್ಣು ಕಂಡಿತು. ಪದರ ನೋಡುವುದನ್ನು ಹೇಗೆ ಕಲಿಯುವುದು?
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನನಗೂ ಮೊದಲ ವರ್ಷ ಎಲ್ಲ ಒಂದೇ ಕಂಡಿತ್ತು ಮಗಳೇ. ಕಣ್ಣಿಗೆ ಅಭ್ಯಾಸ ಬೇಕು.

ನಡುಹಗಲಿನ ಬಿಸಿಲಲ್ಲಿ ನೋಡಬೇಡ. ಅರ್ಧ ಗೋಡೆ ಬೆಳಕು, ಅರ್ಧ ನೆರಳು ಇದ್ದಾಗ ಕಣ್ಣು ಮೋಸ ಹೋಗುತ್ತದೆ. ಬೆಳಿಗ್ಗೆ ಬಾ, ಇಲ್ಲವೇ ಗೋಡೆಗೆ ಒಂದು ಚಾದರ ಹಿಡಿದು ಪೂರ್ತಿ ನೆರಳು ಮಾಡು. ಕೆರೆದ ಗೋಡೆಗೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಹೊಡೆ. ಒಣಗಿದಾಗ ಒಂದೇ ಬೂದು ಕಂಡದ್ದು ಒದ್ದೆಯಾದರೆ ಮೂರು ಬಣ್ಣ ಆಗುತ್ತದೆ. ನೀರು ಆರುವಾಗಲೂ ನೋಡುತ್ತಿರು. ಬೂದಿಯ ಪದರ ಬೇಗ ಆರುತ್ತದೆ, ಜೇಡಿ ತಡವಾಗಿ. ಬೆರಳಲ್ಲಿ ತಿಕ್ಕಿ ನೋಡು. ಗಾರೆಯ ಪುಡಿ ಗರಗರ ಅನ್ನುತ್ತದೆ, ಎರೆ ಮಣ್ಣು ಬೆಣ್ಣೆಯ ಹಾಗೆ ಅಂಟುತ್ತದೆ.

ಎರೆ ಮಣ್ಣಿನ ಬಗ್ಗೆ ಒಂದು ಎಚ್ಚರ ಬೇಕು. ಬೇಸಿಗೆಯಲ್ಲಿ ಅದು ಬಿರಿಯುತ್ತದೆ. ನಮ್ಮ ಹೊಲದಲ್ಲಿ ಬಿರುಕಿನೊಳಗೆ ಅಪ್ಪನ ಬಾರುಕೋಲು ಪೂರ್ತಿ ಇಳಿದದ್ದನ್ನು ನೋಡಿದ್ದೇನೆ. ಮೇಲಿನ ಸಣ್ಣ ಸಾಮಾನು ಆ ಬಿರುಕಿನಲ್ಲಿ ಬೀಳುತ್ತದೆ. ಮಳೆ ಬಂದರೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ. ವರ್ಷ ವರ್ಷ ಹೀಗೇ ನಡೆದು ಮಣ್ಣು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಹಾಗಾಗಿ ನಾಲ್ಕಡಿ ಕೆಳಗೆ ಒಂದು ನಾಣ್ಯ ಸಿಕ್ಕಿತೆಂದು ಆ ಪದರದ ಕಾಲವನ್ನು ಅದೊಂದರಿಂದಲೇ ಹೇಳಬಾರದು. ಗಾರೆಯ ನೆಲ ಇದ್ದು, ಅದು ಒಡೆಯದೆ ಇದ್ದರೆ, ಅದರ ಅಡಿಯಲ್ಲಿ ಸಿಕ್ಕಿದ್ದನ್ನು ಹೆಚ್ಚು ನಂಬಬಹುದು.

ಊರಿನ ಕಥೆ ಮೊದಲೇ ತಿಳಿದಿದ್ದರೆ ಗೋಡೆ ಬೇಗ ಅರ್ಥವಾಗುತ್ತದೆ. ನಮ್ಮ ಊರಿನ ಮಟ್ಟಿಗೆ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಇಷ್ಟು. 1565ರ ತಾಳಿಕೋಟೆ ಯುದ್ಧದ ಆಸುಪಾಸಿನಲ್ಲಿ ಕೋಟೆ ಗೋಡೆ ಎದ್ದಿತು. ಅಲ್ಲಿಂದ ನೂರಿಪ್ಪತ್ತು ವರ್ಷ ಗೋಡೆಯೊಳಗೆ ತುಂಬು ಬದುಕು. 1686ರಲ್ಲಿ ಔರಂಗಜೇಬ ಊರು ಹಿಡಿದ. ಮೂರು ವರ್ಷದಲ್ಲಿ ಪ್ಲೇಗು ಬಂತು. ಜನ ಕಡಿಮೆಯಾದರು, ಮನೆಗಳು ಬಿದ್ದವು, ಬಿದ್ದ ಮನೆಗಳ ಮೇಲೆ ಜಾಲಿ ಬೆಳೆಯಿತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದ ಮೇಲೆ ಮತ್ತೆ ಕಟ್ಟುವುದು ಶುರುವಾಯಿತು. ಹೀಗಾಗಿ ಹಲವು ತಗ್ಗುಗಳಲ್ಲಿ ಗಾರೆಯ ನೆಲ ಕಾಣುತ್ತದೆ. ಅದರ ಮೇಲೆ ಕುಸಿದ ಕಲ್ಲು, ಅದರ ಮೇಲೆ ಗಾಳಿ ಮಳೆ ತಂದ ನುಣ್ಣನೆ ಮಣ್ಣು. ಆ ನುಣ್ಣನೆ ಮಣ್ಣಿನಲ್ಲಿ ಮಡಕೆಚೂರು ಅಪರೂಪ. ಒಂದು ಗೇಣು ದಪ್ಪ ಇರಬಹುದು. ಆ ಗೇಣು ಮಣ್ಣನ್ನು ನೋಡುವಾಗ ನನಗೆ ಪ್ರತಿ ಸಲವೂ ಮಾತು ನಿಲ್ಲುತ್ತದೆ. ಅಷ್ಟು ದೊಡ್ಡ ಊರು ಸುಮ್ಮನೆ ಬಿದ್ದಿದ್ದ ಕಾಲ ಅದು.

ಇನ್ನೊಂದು ಸಲ ಇಣುಕುವಾಗ ಅಂಚಿನಿಂದ ಮೂರಡಿ ಹಿಂದೆ ನಿಲ್ಲು.

ಪ್ರಶ್ನೆ: ನಮ್ಮ ಭಾಗದಲ್ಲಿ ಗಟಾರಕ್ಕೆ ನೆಲ ಅಗೆದಾಗ ದೊಡ್ಡ ದೊಡ್ಡ ಇಟ್ಟಿಗೆ ಬಂದವು. ಹದಿನಾರು ಇಂಚು ಉದ್ದ ಇವೆ. ಮಕ್ಕಳು ತಂದು ತುಳಸಿ ಕಟ್ಟೆಗೆ ಇಟ್ಟಿದ್ದಾರೆ. ಹಳೆಯವಾ?
— ವಡಗಾವಿ, ಬೆಳಗಾವಿ

ಉತ್ತರ: ಬಹಳ ಹಳೆಯವು ಇರುವ ಸಾಧ್ಯತೆ ಇದೆ. ವಡಗಾವಿ–ಮಾಧವಪುರದ ನೆಲದಡಿ ಶಾತವಾಹನರ ಕಾಲದ ಒಂದು ಪಟ್ಟಣ ಮಲಗಿದೆ. 1970ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಅಲ್ಲಿ ಉತ್ಖನನ ಮಾಡಿದರು. ಈಗಿನ ಇಟ್ಟಿಗೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಉದ್ದದ ಇಟ್ಟಿಗೆ ಆ ಕಾಲದ ಕಟ್ಟಡಗಳಲ್ಲಿ ಸಾಮಾನ್ಯ. ಬೆಳಗಾವಿ ಅಂದರೆ ನಾವು ಕೋಟೆ, 1204ರ ಕಮಲ ಬಸದಿ ಅಂತ ರಟ್ಟ ಅರಸರ ಕಾಲಕ್ಕೇ ನಿಂತುಬಿಡುತ್ತೇವೆ. ನಿಮ್ಮ ಗಟಾರ ಅದಕ್ಕಿಂತ ಸಾವಿರ ವರ್ಷ ಹಿಂದಕ್ಕೆ ಹೋಗಿದೆ ಅನಿಸುತ್ತದೆ.

ಇಟ್ಟಿಗೆಗಳನ್ನು ತೊಳೆಯಬೇಡಿ. ಅವುಗಳಿಗೆ ಅಂಟಿದ ಮಣ್ಣು ಬೇಕು. ಯಾವ ಮನೆಯ ಎದುರು, ಎಷ್ಟು ಆಳದಲ್ಲಿ ಬಂದವು ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಗಟಾರ ಇನ್ನೂ ತೆರೆದಿದ್ದರೆ ಇವತ್ತೇ ಎರಡೂ ಬದಿಯ ಗೋಡೆಯ ಫೋಟೋ ತೆಗೆಯಿರಿ. ಇಟ್ಟಿಗೆಗಳು ಒಂದರ ಮೇಲೊಂದು ಸಾಲಾಗಿ ಕೂತಿವೆಯಾ, ಚೆಲ್ಲಾಪಿಲ್ಲಿ ಬಿದ್ದಿವೆಯಾ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಸಾಲಾಗಿದ್ದರೆ ಅದು ಗೋಡೆ. ನಗರಪಾಲಿಕೆಯ ಕೆಲಸವಾದ್ದರಿಂದ ಓಣಿಯವರೆಲ್ಲ ಸಹಿ ಮಾಡಿ ಪಾಲಿಕೆಗೂ ಪುರಾತತ್ವ ಇಲಾಖೆಗೂ ಅರ್ಜಿ ಕೊಡಿ. ಸಿಮೆಂಟು ಬೀಳುವ ಮುಂಚೆ ಕೊಡಿ.

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಅಲ್ಲಿ ಕಟ್ಟಡದ ಜಾಗದಲ್ಲಿ ಜೆಸಿಬಿ ಪಕ್ಕ ಹಳದಿ ಕೋಟು ತೊಟ್ಟ ಹುಡುಗಿ ನಿಂತಿದ್ದಳು. ಪುರಾತತ್ವದವಳು ಅಂತ ಅಳಿಯಂದಿರು ಹೇಳಿದರು. ಅವಳ ಪಗಾರ ಯಾರು ಕೊಡುತ್ತಾರೆ? ನಮ್ಮಲ್ಲಿ ಯಾಕಿಲ್ಲ?
— ಜಮಖಂಡಿ

ಉತ್ತರ: ಕಟ್ಟಿಸುವವರೇ ಕೊಡುತ್ತಾರೆ. 1989ರಲ್ಲಿ ಲಂಡನ್ನಿನಲ್ಲಿ ಒಂದು ಆಫೀಸು ಕಟ್ಟಡದ ಜಾಗದಲ್ಲಿ ರೋಸ್ ಅನ್ನುವ ಹಳೇ ನಾಟಕಶಾಲೆಯ ಅಡಿಪಾಯ ಸಿಕ್ಕಿತು. ಶೇಕ್ಸ್‌ಪಿಯರ್ ಕಾಲದ್ದು. ನಟರು, ಜನರು ಬೀದಿಗೆ ಬಂದರು. ಕಡೆಗೆ ಕಟ್ಟಡದ ನಕ್ಷೆ ಬದಲಿಸಿ ಅದನ್ನು ಕೆಳಗೆ ಉಳಿಸಿಕೊಂಡರು. ಮಾರನೆಯ ವರ್ಷ, 1990ರಲ್ಲಿ, ಇಂಗ್ಲೆಂಡಿನ ಸರ್ಕಾರ ಒಂದು ಮಾರ್ಗಸೂಚಿ ತಂದಿತು. ಪರವಾನಗಿ ಕೊಡುವ ಮುಂಚೆಯೇ ನೆಲದೊಳಗೆ ಏನಿದೆ ನೋಡಬೇಕು, ಖರ್ಚು ಕಟ್ಟುವವರದು ಅನ್ನುವ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು.

ನಮ್ಮಲ್ಲಿ ಕಾಯ್ದೆ ಸ್ಮಾರಕವನ್ನೂ ಅದರ ಸುತ್ತಲಿನ 300 ಮೀಟರನ್ನೂ ಕಾಯುತ್ತದೆ. ಅದರಾಚೆಯ ಖಾಸಗಿ ಜಾಗದಲ್ಲಿ ಮನೆಯ ತಗ್ಗಿಗೆ ಒಬ್ಬರನ್ನು ನಿಲ್ಲಿಸಬೇಕೆಂಬ ನಿಯಮ ಇಲ್ಲ. ನನ್ನನ್ನು ಕರೆಯುವವರು ಅವರ ಮನಸ್ಸಿನಿಂದ ಕರೆಯುತ್ತಾರೆ. ವಿಜಯಪುರದಂಥ ಊರಿಗೆ ಅಷ್ಟು ಸಾಲದು. ಕಟ್ಟಡ ಪರವಾನಗಿಯ ಅರ್ಜಿಯಲ್ಲಿ "ಸಾಯಿಲ್ ಟೆಸ್ಟಿನ ತಗ್ಗು ಯಾವ ದಿನ ತೋಡುತ್ತೀರಿ" ಅಂತ ಒಂದೇ ಒಂದು ಪ್ರಶ್ನೆ ಸೇರಿಸಿ, ಆ ದಿನ ಒಬ್ಬರನ್ನು ಕಳಿಸಿದರೂ ಎಷ್ಟೋ ಆಗುತ್ತದೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಇಲ್ಲೂ ಹೇಳುತ್ತಿದ್ದೇನೆ.

ತಗ್ಗಿನಲ್ಲಿ ನಾಣ್ಯ ಸಿಕ್ಕರೆ ಇಟ್ಟುಕೊಳ್ಳಬಹುದಾ ಅಂತ ಮೂವರು ಕೇಳಿದ್ದೀರಿ. ಇಟ್ಟುಕೊಳ್ಳಬಾರದು. ನೆಲದಲ್ಲಿ ಸಿಕ್ಕ ನಿಧಿಗೆ 1878ರಿಂದಲೂ ಕಾಯ್ದೆ ಇದೆ. ನಮ್ಮ ರಾಜ್ಯದ್ದೇ 1962ರ ಕಾಯ್ದೆಯೂ ಇದೆ. ಜಿಲ್ಲಾಡಳಿತಕ್ಕೆ ಬರೆದು ತಿಳಿಸಿ. ಬಂಗಾರದಂಗಡಿಗೆ ಒಯ್ದು ಕರಗಿಸುವುದಂತೂ ಬೇಡವೇ ಬೇಡ. ಬೆಳ್ಳಿ ತಂತಿಯ ತುಂಡಿನ ಹಾಗೆ ಕಾಣುವ, ನಡುವೆ ಮಡಚಿದ ಸಾಮಾನು ಸಿಕ್ಕರೆ ಅದೂ ನಾಣ್ಯವೇ. ಲಾರಿ ಅಂತಾರೆ. ಆದಿಲಶಾಹಿಗಳು ಅದನ್ನು ಟಂಕಿಸಿದ್ದರು. ಹಳೇ ಕೊಂಡಿ ಅಂದುಕೊಂಡು ಎಸೆಯಬೇಡಿ.

ಪ್ರಶ್ನೆ: ನಾ ಜೆಸಿಬಿ ಹೊಡೀತೀನ್ರೀ. ಕೆಳಗ ಏನರ ಸಿಕ್ರ ಬೈಗುಳ ನಮಗ ಬೀಳ್ತಾವು. ನಿಲ್ಸಿದ್ರ ಮಾಲಕ್ರು ಬೈತಾರ, ನಿಲ್ಸಲಿಲ್ಲಂದ್ರ ನಿಮ್ಮಂಥವ್ರು. ನಾವ್ ಏನ್ ಮಾಡೂದ್ರೀ?
— ಆಪರೇಟರ್, ಇಂಡಿ

ಉತ್ತರ: ತಮ್ಮಾ, ನಿಮ್ಮ ಪತ್ರ ಬಂದದ್ದು ನನಗೆ ತುಂಬಾ ಸಂತೋಷ. ಈ ಕೆಲಸದಲ್ಲಿ ಮೊದಲು ತಿಳಿಯುವುದು ನಿಮಗೇ. ನಾನು ಮೇಲೆ ನಿಂತು ಕಣ್ಣಿನಿಂದ ನೋಡುತ್ತೇನೆ. ನಿಮಗೆ ಲಿವರು ಹಿಡಿದ ಕೈಯಲ್ಲೇ ಗೊತ್ತಾಗುತ್ತದೆ. ಗರಸಿಗೆ ಬಕೆಟ್ ತಾಗುವ ಸದ್ದೇ ಬೇರೆ, ಗಾರೆಗೆ ತಾಗುವ ಸದ್ದೇ ಬೇರೆ.

ಕೆಲಸ ಹಿಡಿಯುವಾಗಲೇ ಮಾಲೀಕರ ಹತ್ತಿರ ಒಂದು ಮಾತು ಆಡಿ: "ಏನರ ಕಂಡ್ರ ಅರ್ಧ ತಾಸು ನಿಲ್ಸ್ತೀನ್ರೀ, ಆ ಅರ್ಧ ತಾಸಿನ ಬಾಡಗಿ ನೀವ್ ಕೊಡ್ಬೇಕು." ನಾನು ನಿಲ್ಲುವ ಸೈಟುಗಳಲ್ಲಿ ಇದನ್ನು ಮುಂಚೆಯೇ ಬರೆಸಿಕೊಳ್ಳುತ್ತೇನೆ. ನಿಲ್ಲಿಸಿದ ಹೊತ್ತಿನ ಹೊರೆ ಆಪರೇಟರ ಮೇಲೆ ಬೀಳಬಾರದು. ಆಮೇಲೆ ಬಕೆಟ್ ಎತ್ತಿ ಪಕ್ಕಕ್ಕಿಡಿ, ಕೊನೆಯ ಎರಡು ಬಕೆಟ್ ಮಣ್ಣನ್ನು ಬೇರೆ ಗುಡ್ಡೆ ಮಾಡಿ, ಫೋಟೋ ತೆಗೆದು ಕಳಿಸಿ. ನಿಮ್ಮ ಪಾಲಿನದು ಅಲ್ಲಿಗೆ ಮುಗಿಯಿತು.

ಎರಡು ವರ್ಷದ ಹಿಂದೆ ಜೋರಾಪುರ ಪೇಟೆಯ ಹತ್ತಿರ ಒಂದು ಸೈಟಿನಲ್ಲಿ ನಿಂತಿದ್ದೆ. ಎರಡನೆಯ ತಗ್ಗು, ಐದಡಿ ಹೋಗಿತ್ತು. ನನಗೆ ಏನೂ ಕಂಡಿರಲಿಲ್ಲ. ಆಪರೇಟರ್ ಎಂಜಿನ್ ಬಂದ್ ಮಾಡಿ ಕೆಳಗಿಳಿದ. "ಅಕ್ಕಾರ, ಇಲ್ಲಿ ಪೊಳ್ಳ ಅನಸ್ತೈತಿ" ಅಂದ. ನಾವು ಮೇಲಿನಿಂದ ಉದ್ದ ಕೋಲಿನಿಂದ ತಟ್ಟಿ ನೋಡಿದೆವು. ಹೌದು, ಪೊಳ್ಳು. ತಗ್ಗನ್ನು ಅಗಲ ಮಾಡಿ, ಬದಿಗಳನ್ನು ಇಳಿಜಾರು ಮಾಡಿ, ಕೈಯಿಂದ ಮಣ್ಣು ಸರಿಸಿದೆವು. ಗಾರೆಯ ಕವಚ ಬಂತು. ಅದರೊಳಗೆ ಪೈಪು. ಒಂದು ಬಿರುಕೂ ಇರಲಿಲ್ಲ. ಅವನೇ ಮೊಬೈಲ್ ಟಾರ್ಚು ಹಿಡಿದ, ನಾನು ಅಳತೆ ಬರೆದುಕೊಂಡೆ. ಮಾಲೀಕರು ಎರಡು ಕಾಲಂ ಸರಿಸಲು ಒಪ್ಪಿದರು. ಪೈಪಿನ ಮೇಲೆ ಮರಳು ತುಂಬಿ ಮುಚ್ಚಿದೆವು. ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಪೈಪು ಇದ್ದಲ್ಲೇ ಇದೆ. ಅದರ ನಕ್ಷೆಯಲ್ಲಿ, ಮೊದಲು ಗುರುತಿಸಿದವರು ಅನ್ನುವ ಕಡೆ ಆ ಆಪರೇಟರನ ಹೆಸರು ಬರೆದಿದ್ದೇನೆ. ಒಂದು ಪ್ರತಿಯನ್ನು ಅವನಿಗೂ ಕೊಟ್ಟೆ. ಅದನ್ನು ಗಾಡಿಯ ಕ್ಯಾಬಿನ್ನಿನಲ್ಲಿ, ದೇವರ ಫೋಟೋದ ಪಕ್ಕ ಅಂಟಿಸಿಕೊಂಡಿದ್ದಾನೆ.